ಧರ್ಮಸ್ಥಳವೋ, ನಾರಾಯಣಪುರವೋ?

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಧಾರ್ಮಿಕ ಸಂಸ್ಥೆಯೊಂದರ ಗ್ರಾಮೀಣ ಕೆಲಸಕ್ಕೆ ಇಳಿಯಬೇಕು ಎನ್ನುವವರು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಛತ್ತೀಸಗಢದ ನಾರಾಯಣಪುರದ ರಾಮಕೃಷ್ಣ ಮಿಷನ್ ಆಶ್ರಮ ಈ ಎರಡನ್ನೂ ಅಳೆದು ನೋಡಿ. ಹೆಸರಿಗೆ ಎರಡೂ ಸೇವೆಯೇ. ದಿನನಿತ್ಯದ ಕೆಲಸದಲ್ಲಿ ಅಜಗಜಾಂತರ.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾಗಿ ಈಗ ರಾಜ್ಯದ ಉದ್ದಗಲಕ್ಕೂ ಹಬ್ಬಿದೆ. ಇದರ ಜೀವಾಳ ಸಂಘ. ಪ್ರಗತಿಬಂಧು ಗುಂಪಿನ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುತ್ತಾರೆ. ಹಳೆಯ ಮುಯ್ಯಾಳು ಪದ್ಧತಿಯೇ, ಆದರೆ ಪುಸ್ತಕದ ಲೆಕ್ಕ ಉಂಟು. ಉಳಿತಾಯ, ಬ್ಯಾಂಕ್ ಸಾಲ, ವಾರದ ಕಂತು ಎಲ್ಲ ಸಂಘದ ಸುತ್ತಲೇ ಸುತ್ತುತ್ತವೆ. ಮದ್ಯವರ್ಜನ ಶಿಬಿರ, ಕೆರೆ ಹೂಳೆತ್ತುವ ಕೆಲಸ ಬೇರೆ. ಕಂತು ಕೇಳಲು ಮುಜುಗರಪಡುವವರು ಇಲ್ಲಿ ಒಗ್ಗುವುದು ಕಷ್ಟ. ಭಾಷೆ ಮಾತ್ರ ನಮ್ಮದೇ.

ಛತ್ತೀಸಗಢದ ನಾರಾಯಣಪುರದಲ್ಲಿ ರಾಮಕೃಷ್ಣ ಮಿಷನ್ ಆಶ್ರಮ 1985ರಿಂದ ಇದೆ. ಅಬೂಜ್‌ಮಾಡ್ ಕಾಡಿನ ಮಾಡಿಯಾ ಬುಡಕಟ್ಟಿನವರಿಗೆ ವಸತಿ ಶಾಲೆ, ಆಸ್ಪತ್ರೆ, ಕಾಡಿನೊಳಗಿನ ಕೇಂದ್ರಗಳು. ಪಡಿತರ ಅಂಗಡಿಯನ್ನೂ ಆಶ್ರಮ ನಡೆಸಿದ್ದುಂಟು. ದಶಕಗಳ ಕಾಲ ಮಾವೋವಾದಿ ಸಂಘರ್ಷ ಕಂಡ ನೆಲ. ಮನೆಯವರನ್ನು ಒಪ್ಪಿಸುವುದು ಸುಲಭವಲ್ಲ. ಹಿಂದಿ ಬೇಕೇ ಬೇಕು, ಗೊಂಡಿ ಕಲಿತರೆ ಇನ್ನೂ ಒಳ್ಳೆಯದು. ವೈದ್ಯರು, ಶಿಕ್ಷಕರಿಗೆ ನನ್ನ ಆಯ್ಕೆ ಇದೇ; ಸಂಘಟನೆ ಕಲಿಯಬೇಕಾದವರಿಗೆ ಧರ್ಮಸ್ಥಳ.

ಕನ್ನಡ ನೆಲದಲ್ಲೇ ಬುಡಕಟ್ಟು ಕೆಲಸ ಬೇಕೆಂದರೆ ಬಿಳಿಗಿರಿರಂಗನ ಬೆಟ್ಟದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಇದೆ. ಅದು ಮಠವಲ್ಲ, ಡಾ. ಎಚ್. ಸುದರ್ಶನ್ 1981ರಲ್ಲಿ ಸೋಲಿಗರಿಗಾಗಿ ಕಟ್ಟಿದ ಸಂಸ್ಥೆ.