ಕುಡಿತ ಬಿಡಲು ಎರಡು ಮಾತ್ರೆ: ಡೈಸಲ್ಫಿರಾಮ್, ನಾಲ್ಟ್ರೆಕ್ಸೋನ್

ದುಡಿಮೆ ಬಿಟ್ಟು ತಿಂಗಳುಗಟ್ಟಲೆ ವ್ಯಸನಮುಕ್ತಿ ಕೇಂದ್ರದಾಗ ಇರೋದು ನನ್ನಿಂದ ಆಗುತ್ತಿರಲಿಲ್ಲ. ಕಲಬುರಗಿಯ ಮನೆಯಲ್ಲೇ ಇದ್ದು, ಮನೋವೈದ್ಯರ ಒಪಿಡಿಗೆ ಓಡಾಡಿ, ಮೊದಲು ಡೈಸಲ್ಫಿರಾಮ್, ಆಮೇಲೆ ನಾಲ್ಟ್ರೆಕ್ಸೋನ್ ತೆಗೆದುಕೊಂಡೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ನಾಲ್ಕೈದು ದಿನ ಜೀವಕ್ಕೇ ಅಪಾಯ. ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು. ಹಿಂದೆ ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಬಿಡಲು ಹೋಗಬೇಡಿ, ಆಸ್ಪತ್ರೆ ಸೇರಿ.

ಮದ್ಯ ಲಿವರಿನಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಡೈಸಲ್ಫಿರಾಮ್ ಅದನ್ನು ಮುಂದೆ ಕರಗಲು ಬಿಡುವುದಿಲ್ಲ. ಮಾತ್ರೆ ನುಂಗಿದ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗಿ, ಬಿಪಿ ಕುಸಿಯಬಹುದು. ಮಾತ್ರೆ ಬಿಟ್ಟ ಎರಡು ವಾರದವರೆಗೂ ಈ ಭಯ ಇರುತ್ತದೆ. ಆದರೆ ಅದು ಆಸೆಯನ್ನು ಮುಟ್ಟುವುದಿಲ್ಲ. ಸಂಜೆಯಾದರೆ ನನ್ನ ನಾಲಿಗೆ ಒಣಗುತ್ತಲೇ ಇತ್ತು. ಹೆಂಡತಿ ಮುಂಜಾನೆ ಕೈಗೆ ಮಾತ್ರೆ ಕೊಟ್ಟು, ನುಂಗುವ ತನಕ ಎದುರಿಗೆ ನಿಲ್ಲುತ್ತಿದ್ದಳು. ಅರ್ಧ ಔಷಧ ಆಕೆಯೇ. ಪಂಚಮಿಗೆ ತವರಿಗೆ ಹೋದಳೆಂದರೆ ಕಾವಲೂ ಹೋಯಿತು.

ಡೈಸಲ್ಫಿರಾಮ್ ಮಾತ್ರೆಯನ್ನೇ ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಮನೆಗಳಿವೆ. ಅವರ ಸಂಕಟ ನನಗೆ ಗೊತ್ತು, ಆದರೂ ಕೈಮುಗಿದು ಕೇಳುತ್ತೇನೆ: ಬೇಡ್ರಿ. ಗೊತ್ತಿಲ್ಲದೆ ಕುಡಿದವನ ಪ್ರಾಣ ಹೋಗಬಹುದು.

ನಾಲ್ಟ್ರೆಕ್ಸೋನ್ ದಾರಿ ಬೇರೆ. ದಿನಕ್ಕೆ 50 ಮಿಲಿಗ್ರಾಂ. ಮೆದುಳಿನಲ್ಲಿ ಕುಡಿತದ ಸುಖ ಏಳುವ ಜಾಗವನ್ನೇ ಅದು ತಡೆಯುತ್ತದೆ, ಹೆದರಿಸುವುದಿಲ್ಲ. ಶುರುವಿನಲ್ಲಿ ಹೊಟ್ಟೆ ತೊಳಸಿತು, ತಲೆ ನೋವು ಬಂತು, ಆಮೇಲೆ ತಾನೇ ಇಳಿಯಿತು. ಬರಬರುತ್ತಾ, ಮದುವೆ ಮನೆಯ ಹಿಂದೆ ಗೆಳೆಯರು ಕರೆದಾಗ 'ಒಲ್ಲೆ' ಅನ್ನಲು ಒದ್ದಾಡಬೇಕಾಗಲಿಲ್ಲ. ಬೆಲೆ ಮಾತ್ರ ಡೈಸಲ್ಫಿರಾಮ್‌ಗಿಂತ ಜಾಸ್ತಿ. ಟ್ರಮಡಾಲ್‌ನಂಥ, ಅಫೀಮಿನ ಜಾತಿಯ ನೋವಿನ ಮಾತ್ರೆ ನುಂಗುವವರಿಗೆ ಇದು ಆಗದು. ಎರಡಕ್ಕೂ ಮೊದಲು ಲಿವರ್ ಪರೀಕ್ಷೆ ಬೇಕು. ಲಿವರ್ ಕೆಟ್ಟವರಿಗೆ, ಕಿಡ್ನಿ ಸರಿಯಿದ್ದರೆ, ಅಕಾಂಪ್ರೊಸೇಟ್ ಎಂಬ ಇನ್ನೊಂದು ಮಾತ್ರೆ ಕೊಡುವುದುಂಟು. ಹೊತ್ತಿಗೆ ಎರಡರಂತೆ ದಿನಕ್ಕೆ ಮೂರು ಹೊತ್ತು. ನಾನದನ್ನು ತೆಗೆದುಕೊಂಡಿಲ್ಲ.

ಎದುರಿಗೆ ನಿಂತು ನುಂಗಿಸುವವರಿದ್ದು, ಕುಡಿಯುವವನೂ ಒಪ್ಪಿದ್ದರೆ ಡೈಸಲ್ಫಿರಾಮ್ ಗಟ್ಟಿ. ಒಂಟಿಯಾಗಿ ದುಡಿಯುವವನಿಗೆ, ಆಸೆಯೇ ಕಾಡುವವನಿಗೆ ನಾನು ನಾಲ್ಟ್ರೆಕ್ಸೋನ್ ಅನ್ನುತ್ತೇನೆ. ನನ್ನನ್ನು ಹಿಡಿದದ್ದು ಅದೇ, ಜೊತೆಗೆ ಆಪ್ತಸಮಾಲೋಚನೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.