ಚಟ್ನಿಪುಡಿ ಮಾರುವವರಿಗೆ ಎಂಟಿಂಚಿನ ಸೀಲಿಂಗ್ ಯಂತ್ರ

ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಲೇ ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮಾರಲು ಹೊರಟವರು ಹೊಸ ಮಿಕ್ಸಿಯ ಆಸೆ ಬದಿಗಿಟ್ಟು ಮೊದಲು ಎಂಟಿಂಚು ಅಗಲದವರೆಗಿನ ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಬಿಸಿಯಿಂದ ಬೆಸೆಯುವ, ಕೈಯಿಂದ ಒತ್ತುವ ಸೀಲಿಂಗ್ ಯಂತ್ರ ಕೊಳ್ಳಬೇಕು. ಧಾರವಾಡದಿಂದ ಬೆಂಗಳೂರಿಗೆ ಹೋದ ಪಾರ್ಸಲ್‌ನಲ್ಲಿ ಪುಡಿ ಸೋರಿದ್ದರೆ ರುಚಿಯ ಮಾತೇ ಬರುವುದಿಲ್ಲ.

ಹಿಡಿಕೆ ಒತ್ತಿದಾಗ ಮಾತ್ರ ಒಳಗಿನ ತಂತಿ ಕಾಯುತ್ತದೆ. ಕೆಂಪು ದೀಪ ಆರಿದ ಮೇಲೂ ಒಂದೆರಡು ಕ್ಷಣ ಒತ್ತಿ ಹಿಡಿಯಬೇಕು; ಅವಸರದಲ್ಲಿ ಎತ್ತಿದರೆ ಬಿಸಿ ಪ್ಲಾಸ್ಟಿಕ್ ಎಳೆಯೆಳೆಯಾಗಿ ಬರುತ್ತದೆ. ಚೀಲ ದಪ್ಪವಿದ್ದಷ್ಟೂ ತಂತಿ ಎಷ್ಟು ಹೊತ್ತು ಕಾಯಬೇಕೆಂದು ನಿಗದಿಪಡಿಸುವ ಗುಂಡಿಯನ್ನು ಹೆಚ್ಚು ತಿರುಗಿಸಬೇಕು. ಚೀಲದ ಬಾಯಿಗೆ ಪುಡಿ ಅಂಟಿದ್ದರೆ ಎಂಥ ಯಂತ್ರವೂ ಸರಿಯಾಗಿ ಬೆಸೆಯುವುದಿಲ್ಲ. ಶೇಂಗಾದ ಜಿಡ್ಡಂತೂ ಮಹಾ ಹಟಮಾರಿ. ಅಗಲ ಬಾಯಿಯ ಲಾಳಿಕೆಯಿಂದ ತುಂಬಿಸಿ, ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಒತ್ತುತ್ತೇನೆ.

ತಕರಾರುಗಳೂ ಇವೆ. ತಂತಿಯ ಮೇಲಿನ ಟೆಫ್ಲಾನ್ ಪಟ್ಟಿ ಬೇಗ ಕಂದುಗಟ್ಟಿ ಹರಿಯುತ್ತದೆ. ಬದಲಿ ಪಟ್ಟಿ, ತಂತಿ ಡಬ್ಬಿಯಲ್ಲೇ ಇವೆಯೇ ಎಂದು ನೋಡಿ ಕೊಳ್ಳಿ. ವಿದ್ಯುತ್ ವೈರಿನ ಉದ್ದ ಜಿಪುಣತನಕ್ಕೆ ಮಾದರಿ. ಅಂಬೆಗಾಲಿಡುವ ಮಗುವಿದ್ದರೆ ನೆಲದ ಮೇಲಿಟ್ಟು ಬಳಸುವ ಮಾತೇ ಬೇಡ. ನಮ್ಮಲ್ಲಿ ಮಗ ಮಲಗಿದ ಮೇಲೆಯೇ ಇದರ ಪಾಳಿ.

ಪೊಟ್ಟಣಕ್ಕೆ ಅಂಗಡಿ ಮಾಲಿನ ಕಳೆ ಬಂದ ಮಾತ್ರಕ್ಕೆ ಮಾರುವ ಅನುಮತಿ ಸಿಕ್ಕಂತಲ್ಲ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ 14 ಅಂಕಿಗಳ ಸಂಖ್ಯೆ, ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನಾಂಕ, ಸಸ್ಯಾಹಾರದ ಹಸಿರು ಗುರುತು ಚೀಟಿಯ ಮೇಲೆ ಇರಬೇಕು. ಆ ಚೀಟಿಯನ್ನು ಸೀಲ್ ಗೆರೆಗಿಂತ ಒಂದು ಬೆರಳು ಕೆಳಗೆ ಅಂಟಿಸಿ.