ಒಣ ಬಿಸಿಯೋ, ಜಿಗುಟು ಸೆಕೆಯೋ: ದೂರದ ಓಟಕ್ಕೆ ಯಾವುದು ವಾಸಿ?

36 ಡಿಗ್ರಿಯ, 30% ತೇವಾಂಶದ ಇಳಿಹೊತ್ತು. ಇಲ್ಲವೇ 28 ಡಿಗ್ರಿಯ, 90% ತೇವಾಂಶದ ಮುಂಜಾವು. ತಾಪಮಾನ ಮಾತ್ರ ನೋಡುವವರು ಮುಂಜಾವನ್ನೇ ಆರಿಸುತ್ತಾರೆ. ಆದರೆ ಮೈ ತಣಿಯುವುದು ಬೆವರು ಸುರಿದಾಗ ಅಲ್ಲ, ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಮೊಣಕೈಯಿಂದ ತೊಟ್ಟಿಕ್ಕುವ ಹನಿ ನೀರು, ಉಪ್ಪನ್ನಷ್ಟೇ ಒಯ್ಯುತ್ತದೆ. ಶಾಖ ಮೈಯಲ್ಲೇ ಉಳಿಯುತ್ತದೆ.

ತೇವ ತುಂಬಿದ ಗಾಳಿಯಲ್ಲಿ ಬೆವರು ಬೇಗ ಆರದು. ಆದ್ದರಿಂದ ಮುಂಜಾವೇ ಹೆಚ್ಚು ಸುಸ್ತು ಮಾಡಬಹುದು. ರಕ್ತ ಚರ್ಮಕ್ಕೂ ಸ್ನಾಯುವಿಗೂ ಹಂಚಿಹೋಗಿ ಅದೇ ವೇಗಕ್ಕೆ ಎದೆಬಡಿತ ಏರುತ್ತದೆ, ಗ್ಲೈಕೋಜನ್ (ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ) ಬೇಗ ಖಾಲಿಯಾಗುತ್ತದೆ. ಒಳತಾಪ 40 ಡಿಗ್ರಿ ಸಮೀಪಿಸಿದರೆ ಮಿದುಳಿನಿಂದ ಸ್ನಾಯುಗಳಿಗೆ ಬರುವ ಚಾಲನೆಯೇ ಕುಗ್ಗುತ್ತದೆ. ಆಗ ಛಲ ಕೆಲಸಕ್ಕೆ ಬಾರದು.

ಒಣ ಹವೆಯದು ಬೇರೆ ಮೋಸ: ಬೆವರು ಕಾಣದಂತೆ ಆರಿಹೋಗುವುದರಿಂದ ನೀರಿನ ನಷ್ಟ ಗೊತ್ತಾಗದು. ಓಟದ ಮೊದಲೂ ನಂತರವೂ ತೂಕ ನೋಡಿ. 60 ಕಿಲೋದವರು 1.2 ಕಿಲೋಗಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲದು.

ನೆರಳಿದ್ದರೆ ಇಳಿಹೊತ್ತೇ ವಾಸಿ. ನೆತ್ತಿ ಸುಡುವ ಬಿಸಿಲಿದ್ದರೆ ಈ ಲೆಕ್ಕ ತಲೆಕೆಳಗು. ಸೆಕೆಯಲ್ಲೇ ಓಡಬೇಕಾದರೆ ವೇಗವನ್ನು ಮರೆತು ಎದೆಬಡಿತಕ್ಕೆ ಮಿತಿ ಹಾಕಿ, ಗಾಳಿಯಾಡುವ ದಾರಿ ಹಿಡಿಯಿರಿ. ಮೈ ಒಗ್ಗಲು 10–14 ದಿನ ಬೇಕು.